ಓಣಿ ಕಂಡ ಹುಡುಗಿ

ಹುಬ್ಬಳ್ಳಿ ಮಂದಿಗೆ ಒಂದು ಚಟಾ ಐತಿ. ಯಾರರ ಸ್ವಲ್ಪ ಅಡ್ಡಾದಿಡ್ಡಿ ಮಾತಾಡಿದ್ರ ಸಾಕು, ಇವನ್ನ ಧಾರವಾಡಕ್ಕ ಕಳಸೂಣೇನು ಅಂತಾರ. ಧಾರವಾಡದಾಗ ಯುನಿವರ್ಸಿಟಿ ಐತಿ, ಸಂಗೀತ ಐತಿ, ಕೆರಿ ಐತಿ, ಪೇಢಾ ಐತಿ. ಆದ್ರ ಹುಬ್ಬಳ್ಳಿಯವರ ನಾಲಿಗಿಗೆ ಮೊದಲ ನೆನಪಾಗೋದು ಅಲ್ಲಿಯ ಹುಚ್ಚರ ದವಾಖಾನಿ. ಈಗ ಅದಕ್ಕ ಹಂಗ ಅನ್ನಬಾರದು. ಹೆಸರು ಬದಲಾಗೇತಿ, ಕಟ್ಟಡಾನೂ ಹೊಸದಾಗೇತಿ. ನಾಲಿಗಿ ಮಾತ್ರ ಹಳೇದ ಉಳದೈತಿ.

ಹಿಂಗಾಗಿ ಕಮರಿಪೇಟಿ ದಾಕ್ಷಾಯಿಣಿಗೆ ತಿಂಗಳಿಗೊಮ್ಮೆ ಧಾರವಾಡಕ್ಕ ಹೋಗೂದು ಬಂತಂದ್ರ ಅಂಜಿಕಿ ಆಗ್ತಿತ್ತು. ಮಗ ಶಿವಯೋಗೀಶಗ ಅಲ್ಲಿ ತಿಂಗಳಾ ಒಂದು ಸೂಜಿ ಮಾಡಸಬೇಕು. ಸೂಜಿ ಇದ್ರ ಅಂವಾ ನಿಮ್ಮಂಗ, ನಮ್ಮಂಗ. ಅಪ್ಪ ಶಾಂತಯ್ಯನ ಕಾಳಿನ ಅಂಗಡ್ಯಾಗ ನಿಂತು ಚೀಲ ತೂಗಸ್ತಾನ, ಕ್ರಿಕೆಟ್ ನೋಡ್ತಾನ, ಪಲ್ಯಾಕ್ಕ ಉಪ್ಪು ಜಾಸ್ತಿ ಆತು ಅಂತ ಅವ್ವನ ಕೂಡ ಜಗಳಾ ತಗೀತಾನ. ಸೂಜಿ ತಪ್ಪಿತಂದ್ರ ಹಳೇ ಕಥಿ ಚಾಲೂ. ಕಾಲೇಜು ಮುಗಿಯೂ ಹೊತ್ತಿಗೆ ಅವಗ ಓಣಿ ಮಂದಿ ಎಲ್ಲಾ ತನ್ನ ಬಗ್ಗೇನ ಮಾತಾಡಾಕತ್ತಾರ ಅಂತ ಕೇಳಸಾಕ ಹತ್ತಿತ್ತು. ನಳದ ಮುಂದ ನಿಂತವರು, ಕಟ್ಟಿ ಮ್ಯಾಲೆ ಕುಂತವರು, ಹಾಲಿನಂವಾ, ಯಾರನ್ನೂ ಬಿಟ್ಟಿರಲಿಲ್ಲ. ಕಡೀಕ ಖೋಲಿ ಬಾಗಲಾ ಹಾಕ್ಕೊಂಡು, ಕಿಡಕಿಗೆ ಕಂಬಳಿ ಕಟಗೊಂಡು, ಊಟಾ ಬಿಟ್ಟು ಕುಂತಿದ್ದ. ಧಾರವಾಡದ ಡಾಕ್ಟರು ಭಾಳ ಸಮಾಧಾನದಿಂದ ತಿಳಿಸಿ ಹೇಳಿದ್ರು. ಯಾರೂ ನಿನ್ನ ಬಗ್ಗೆ ಮಾತಾಡಾಕತ್ತಿಲ್ಲಪಾ, ಅದು ಬ್ಯಾನಿ ಆಡಸೂ ಆಟ ಅಂದ್ರು. ಹುಡುಗ ನಂಬಿದ. ನಂಬಿದ್ದಕ್ಕ ಅರ್ಧಾ ಗುಣಾ ಆತು, ಉಳಿದರ್ಧಾ ಸೂಜಿ ಮಾಡ್ತು.

ಇಷ್ಟೆಲ್ಲಾ ನಡದಿದ್ದು ಓಣಿಗೆ ಗೊತ್ತಿಲ್ಲ. ಹುಡುಗಗ ಅರಿಷಿಣ ಕಾಮಣಿ ಆಗಿತ್ತು ಅಂತ ದಾಕ್ಷಾಯಿಣಿ ಹೇಳಿದ್ಲು, ಓಣಿಯವರು ಮೂಲಂಗಿ ಸೊಪ್ಪು ತಂದುಕೊಟ್ಟು ಹೋಗಿದ್ರು. ಆದ್ರ ತಿಂಗಳಾ ತಿಂಗಳಾ ಅವ್ವ ಮಗ ಇಬ್ಬರೂ ಇಸ್ತ್ರಿ ಅರಬಿ ಹಾಕ್ಕೊಂಡು ಎಲ್ಲಿಗೆ ಹೊಂಟ್ರು ಅಂತ ಕೇಳದ ಬಿಡ್ತಾರೇನು? ಮೊದಲ ಧಾರವಾಡದ ಅಣ್ಣಗ ಆರಾಮಿಲ್ಲ ಅಂತ ಹೇಳಿ ನೋಡಿದ್ಲು. ಅಣ್ಣ ಎಷ್ಟ ತಿಂಗಳ ಮಲಗ್ಯಾನು? ಅವನ್ನ ಎಬ್ಬಿಸಿ ಕೂಡ್ರಿಸಿದ್ಲು. ಆಮ್ಯಾಲೆ ತವರುಮನಿ ಹೊಲದ ಕೋರ್ಟ್ ಕೇಸು ಹುಟ್ಟಿಸಿದ್ಲು. ಪ್ರತಿ ಸಲಾನೂ ಬರುವಾಗ ಪೇಢಾ ತಂದು ಮನಿಮನಿಗೆ ಹಂಚತಿದ್ಲು. ಬಾಯಾಗ ಪೇಢಾ ಇದ್ದವರು ಪ್ರಶ್ನಿ ಕೇಳಂಗಿಲ್ಲ ಅನ್ನೂದು ಆಕಿ ಲೆಕ್ಕಾಚಾರ. ಎವ್ವಾ, ಏನು ತಲಿ! ನಮ್ಮ ಮಂದಿ ಬಾಯಾಗ ಪೇಢಾ ಇದ್ರ ಇನ್ನೂ ಚೊಲೋತ್ನಾಗಿ ಕೇಳ್ತಾರ.

ಇದ ದಾಕ್ಷಾಯಿಣಿನ್ನ ನೀವು ರಾಯಾಪುರದಾಗ ನೋಡಬೇಕಿತ್ತು. ಅಲ್ಲಿ ಚರ್ಚಿನ ಹಿಂದಿನ ಖೋಲ್ಯಾಗ ತಿಂಗಳಿಗೊಮ್ಮೆ ಇಂಥಾ ಮನಿಗಳವರು ಕೂಡ್ತಿದ್ರು. ಮಗಗ, ಹೆಂಡತಿಗೆ, ತಮ್ಮಗ ಮನಸ್ಸಿನ ಬ್ಯಾನಿ ಇದ್ದವರು ಒಬ್ಬರಿಗೊಬ್ಬರು ಕಷ್ಟಾ ಸುಖಾ ಹೇಳಿಕೊಳ್ಳೂ ಕೂಟ ಅದು. ಕೂಡಿಸಾಕಿ ರೂತ್ ಟೀಚರ್, ಮಿಶನ್ ಸಾಲ್ಯಾಗ ಗಣಿತ ಕಲಿಸಿ ರಿಟೈರ್ ಆದಾಕಿ. ತಮ್ಮ ಇಮ್ಯಾನುಯೆಲ್‌ನ ಬ್ಯಾನಿ ಸಂಬಂಧ ಅರ್ಧಾ ಆಯುಷ್ಯ ದವಾಖಾನಿ ಬಾಕಿನ ಮ್ಯಾಲೆ ಕುಂತು ಕಳದಾಕಿ. ರಾಯಾಪುರನ ಯಾಕಂದ್ರ ಅದು ಎರಡೂ ಊರಿನ ನಟ್ಟನಡುವ ಐತಿ. ಹುಬ್ಬಳ್ಳಿಯವರಿಗೆ ಹುಬ್ಬಳ್ಳ್ಯಾಗ ಯಾರರ ಕಂಡಾರು ಅಂತ ಅಂಜಿಕಿ, ಧಾರವಾಡದವರಿಗೆ ಧಾರವಾಡದಾಗ ಅಂಜಿಕಿ. ರಾಯಾಪುರದಾಗ ಎಲ್ಲಾರೂ ಧೈರ್ಯವಂತರು. ಅವರೊಳಗ ದಾಕ್ಷಾಯಿಣಿನ ಮುಂದ. ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡು, ಸಕ್ಕರಿ ಬ್ಯಾನಿ ಮುಚ್ಚಿಡ್ತೇವೇನು, ಬಿ.ಪಿ. ಮುಚ್ಚಿಡ್ತೇವೇನು, ಇದನ್ಯಾಕ ಮುಚ್ಚಿಡಬೇಕು, ನಮ್ಮ ನಮ್ಮ ಓಣ್ಯಾಗ ನಾವ ಬಾಯಿ ಬಿಡಬೇಕು ಅಂತ ಭಾಷಣಾ ಮಾಡ್ತಿದ್ಲು. ಮಂದಿ ಚಪ್ಪಾಳಿ ಹೊಡೀತಿದ್ರು. ಆಮ್ಯಾಲೆ ಮುಖದ ತುಂಬ ಸೆರಗು ಎಳಕೊಂಡು ಎರಡೂ ಊರಿನ ನಡುವ ಓಡೂ ಚಿಗರಿ ಬಸ್ಸು ಹತ್ತತಿದ್ಲು.

ಕಮರಿಪೇಟಿ ಓಣಿ ಬಾಯಿಗೇ ಗೌರಕ್ಕನ ಮನಿ. ಗೌರಕ್ಕ ಗಂಡ ಸತ್ತ ಹಿರೇ ಹೆಣಮಗಳು, ಸಣ್ಣವರು ದೊಡ್ಡವರು ಎಲ್ಲಾರಿಗೂ ಗೌರಕ್ಕನ. ಆಕಿ ಕಟ್ಟಿ ದಾಟದ ಓಣಿಗೆ ನಾಯಿನೂ ಬರಂಗಿಲ್ಲ. ಮನಸ್ಸು ಕೆಟ್ಟದಲ್ಲ. ಯಾರ ಮನ್ಯಾಗ ಹೆರಿಗಿ, ಯಾರ ಮನ್ಯಾಗ ಸಾವು ಅಂದ್ರ ಮೊದಲ ಓಡಿ ಬರಾಕಿ. ಆದ್ರ ಆಕಿಗೆ ಗೊತ್ತಾದದ್ದು ಎಲ್ಲಾರಿಗೂ ಗೊತ್ತಾಗೂತನಕಾ ಆಕಿಗೆ ಉಂಡದ್ದು ಅರಗಂಗಿಲ್ಲ. ಒಂದಿನ ಅವ್ವ ಮಗ ಧಾರವಾಡದಿಂದ ಬಂದು ಪೇಢಾ ಕೊಟ್ಟಾಗ ಗೌರಕ್ಕ ಪೇಢಾ ನೋಡಿದ್ಲು, ಇಳಕಲ್ ಸೀರಿ ನೋಡಿದ್ಲು, ಮುಂದ ಮನಿ ಕಡೆ ಹೊಂಟ ಹುಡುಗನ ಇಸ್ತ್ರಿ ಶರ್ಟ್ ನೋಡಿದ್ಲು. ವಯಸ್ಸಿಗೆ ಬಂದ ಮಗನ್ನ ಕರಕೊಂಡು ಅವ್ವ ಒಂದ ಊರಿಗೆ ಮ್ಯಾಲಿಂದ ಮ್ಯಾಲೆ ಹೋಗ್ತಾಳ, ಬರುವಾಗ ಸಿಹಿ ತರ್ತಾಳ. ಇದಕ್ಕ ನಮ್ಮ ಕಡೆ ಇನ್ನೊಂದು ಕಾರಣಾ ಇರಾಕ ಸಾಧ್ಯ ಐತೇನು? ಹೆಣ್ಣು ಗೊತ್ತಾತೇನವಾ ಅಂತ ನೇರ ಕೇಳಿದ್ಲು.

ದಾಕ್ಷಾಯಿಣಿ ಇಲ್ಲ ಅನ್ನಬೇಕಿತ್ತು. ಆದ್ರ ಕೋರ್ಟ್ ಕೇಸು ಎಳದೆಳದು ಸವದಿತ್ತು, ಹೊಸಾ ನೆವಾ ತಲ್ಯಾಗ ಇರಲಿಲ್ಲ. ಇನ್ನೂ ಏನೂ ಗಟ್ಟಿ ಆಗಿಲ್ಲರಿ ಗೌರಕ್ಕ ಅಂದುಬಿಟ್ಲು. ನಮ್ಮ ಮಂದ್ಯಾಗ ಹಂಗಂದ್ರ ಬಾಜಾ ಬಾರಿಸಿದಂಗನ. ಯಾರ ದೃಷ್ಟಿ ತಾಗೀತು ಅಂತ ಗಟ್ಟಿ ಆದದ್ದನ್ನ ಯಾರೂ ಗಟ್ಟಿ ಅನ್ನಂಗಿಲ್ಲ. ಗೌರಕ್ಕನ ಮುಖ ಅರಳಿತು. ದಾಕ್ಷಾಯಿಣಿ ಗಲ್ಲಾ ಸವರಿ, ಹುಚ್ಚು ಬಿಡದ ಮದಿವಿ ಆಗಂಗಿಲ್ಲ, ಮದಿವಿ ಆಗದ ಹುಚ್ಚು ಬಿಡಂಗಿಲ್ಲ, ಲಗೂ ಮಾಡಿ ಮುಗಸ್ರಿ ಅಂದ್ಲು. ಗಾದಿಮಾತು, ಎಲ್ಲಾರೂ ಅನ್ನೂದ. ದಾಕ್ಷಾಯಿಣಿ ಮಾತ್ರ ಹುಚ್ಚು ಅನ್ನೂ ಶಬ್ದಾ ಕೇಳಿ ಸರಸರ ಮನಿ ಕಡೆ ಹೆಜ್ಜಿ ಹಾಕಿದ್ಲು.

ಅವತ್ತಿಂದ ಹುಡುಗಿ ಬೆಳ್ಯಾಕ ಹತ್ತಿದ್ಲು. ಒಬ್ಬಾಕಿ ಹುಡುಗಿದು ಬಿ.ಎಡ್. ಆಗೇತಿ ಅಂದ್ಲು. ಇನ್ನೊಬ್ಬಾಕಿ ಹೆಬ್ಬಳ್ಳ್ಯಾಗ ಅವರದು ದೊಡ್ಡ ಎರಿ ಹೊಲಾ ಐತಿ, ಒಬ್ಬಾಕೀನ ಮಗಳು ಅಂದ್ಲು. ಎತ್ತರ ಸ್ವಲ್ಪ ಕಡಿಮಿ ಅಂತ ಮೂರನೇದಾಕಿ ಕೊಂಕು ತಗದ್ಲು. ಪೋಸ್ಟಿನ ಸೋಮಪ್ಪ ಅಂತೂ ಧಾರವಾಡ ಮಾರ್ಕೆಟಿನ್ಯಾಗ ಹುಡುಗಿನ್ನ ಕಣ್ಣಾರೆ ಕಂಡೇನಿ, ಹಳದಿ ಚೂಡಿದಾರ, ಲಕ್ಷಣವಾಗಿ ಅದಾಳ ಅಂತ ಆಣಿ ಮಾಡಿದ. ಸೋಮಪ್ಪನ ಕಣ್ಣಿಗೆ ಪೊರಿ ಬಂದು, ತನ್ನ ಹೆಂಡತಿ ಯಾರು ಬಾಜೂಮನಿಯಾಕಿ ಯಾರು ಅಂತ ತಿಳೀವಲ್ದಾಗಿ ಒಂದು ವರ್ಷಾ ಆಗಿತ್ತು. ಆದ್ರ ಯಾರೂ ಅದನ್ನ ಎತ್ತಲಿಲ್ಲ. ಹುಡುಗಿ ಬಣ್ಣ ಹೆಂಗೈತಿ ಅಂತ ಕೇಳಿದಾಗ ದಾಕ್ಷಾಯಿಣಿನ, ಗೋಧಿ ಬಣ್ಣರಿ, ಅಂದ್ಲು. ಖರೇ ಹೇಳಬೇಕಂದ್ರ ಆಕಿಗೂ ಆ ಹುಡುಗಿ ಮ್ಯಾಲೆ ಜೀವ ಹತ್ತಿತ್ತು. ರೊಟ್ಟಿ ಬಡಿಯುವಾಗ ಬಾಜೂಕ ಕುಂತು ಆಕಿ ಕಾಯಿಪಲ್ಯಾ ಹೆಚ್ಚಿದಂಗ ಅನಸ್ತಿತ್ತು. ಮಗಗ ಒಂದು ಮನಿ ಆದೀತು ಅನ್ನೂ ಆಸೆ ಯಾವ ತಾಯಿಗೆ ಇರಂಗಿಲ್ಲ? ಪಾಪ.

ಇದೆಲ್ಲಾ ಯಾರ ಮದಿವಿ ಸುದ್ದಿನೋ ಅವಗ ಒಬ್ಬಗ ಗೊತ್ತಿರಲಿಲ್ಲ. ಶಿವಯೋಗೀಶ ನಳದ ಮುಂದ ಹಾದ್ರ ಮಾತು ಗಪ್ಪಂತ ನಿಲ್ಲಾಕತ್ತಿತು. ಮುಂದ ಹೋದಮ್ಯಾಲೆ ಕಿಸಿಕಿಸಿ ನಗಿ. ಒಂದ ಸಲ ತನ್ನ ಹೆಸರು ಕೇಳಿಸ್ತು, ಅದರ ಹಿಂದ ಧಾರವಾಡ ಅಂತ ಕೇಳಿಸ್ತು. ಅಂವಾ ಅಂಗಡಿಗೆ ಹೋಗೂದು ಬಿಟ್ಟು ಹೊಳ್ಳಿ ಮನಿಗೆ ಬಂದ. ಅಡಗಿಮನಿ ಬಾಗಲದಾಗ ನಿಂತು, "ಅವ್ವಾ, ಓಣಿಯವರು ನನ್ನ ಬಗ್ಗೆ ಮಾತಾಡಾಕತ್ತಾರ," ಅಂದ.

ದಾಕ್ಷಾಯಿಣಿ ಕೈಯಾಗಿನ ರೊಟ್ಟಿ ಹಂಚಿನ ಮ್ಯಾಲೆ ಮಡಚಿ ಬಿತ್ತು. ಆ ಮಾತು ಬಂದ್ರ ಏನನ್ನಬೇಕು ಅಂತ ಡಾಕ್ಟರು ಕಲಿಸಿದ್ರಲ್ಲ, ಅದನ್ನ ಪಾಠ ಒಪ್ಪಿಸಿದಂಗ ಒಪ್ಪಿಸಿದ್ಲು. ಯಾರೂ ಮಾತಾಡಾಕತ್ತಿಲ್ಲಪಾ, ಅದು ಬ್ಯಾನಿ ಆಟ, ತಲಿಗೆ ಹಚಗೋಬ್ಯಾಡ ಅಂದ್ಲು. ಮಾತಾಡಾಕ ಹಚ್ಚಿದಾಕಿ ತಾನ ಅಂತ ಗೊತ್ತಿದ್ದೂ ಅಂದ್ಲು. ಇದಕ್ಕ ಏನನ್ನಬೇಕೋ ನೀವ ಹೇಳ್ರಿ.

ಮರುದಿನ ಸೋಮಪ್ಪ ಎದುರಿಗೆ ಸಿಕ್ಕು ಹುಡುಗನ ಬೆನ್ನು ಚಪ್ಪರಿಸಿ, ಏನೋ ಮದಿಮಗಾ, ಹೋಳಿಗಿ ಊಟಾ ಯಾವಾಗ ಅಂತ ಕೇಳಿದ. ಕೇಳಿದ್ದಲ್ಲದ ಬಿ.ಎಡ್., ಎರಿ ಹೊಲಾ, ಹಳದಿ ಚೂಡಿದಾರ ಎಲ್ಲಾ ಬಿಚ್ಚಿ ಹೇಳಿದ. ಶಿವಯೋಗೀಶ ಮನಿಗೆ ಬಂದವನ ಖೋಲಿ ಕಿಡಕಿಗೆ ಕಂಬಳಿ ಕಟ್ಟಿದ. ಸೂಜಿ ದಿನಾ ಸನೇಕ ಬಂದಿತ್ತು. ಅವ್ವ ನಾಳಿಗೆ ಹೋಗೂಣು ಏಳಪಾ ಅಂದ್ರ ಬರಂಗಿಲ್ಲ ಅಂದ.

"ಯಾರೂ ಮಾತಾಡಾಕತ್ತಿಲ್ಲ ಅಂತ ನೀ ಹೇಳ್ದಿ, ಡಾಕ್ಟರೂ ಹೇಳಿದ್ರು. ಖರೇನ ಮಾತಾಡಾಕತ್ತಾರ. ಅಂದ್ರ ಮೊದಲೂ ಮಾತಾಡಿರಬೇಕು. ಮತ್ತ ನನಗ್ಯಾಕ ಸೂಜಿ?"

ದಾಕ್ಷಾಯಿಣಿ ಕಿಡಕಿ ಕಂಬಳಿ ಬಿಚ್ಚಾಕ ಹೋದ್ಲು, ಅಂವಾ ತಡದ.

"ಇಲ್ಲದ ದನಿ ನನಗ ಕೇಳಿಸಿದ್ರ ಅದು ಬ್ಯಾನಿ," ಅಂದ ಮಗ. "ಇಲ್ಲದ ಹುಡುಗಿ ಇಡೀ ಓಣಿಗೆ ಕಂಡ್ರ ಅದು ಏನವ್ವಾ?"

ಅವತ್ತು ಅಂವಾ ಉಣ್ಣಲಿಲ್ಲ. ದಾಕ್ಷಾಯಿಣಿ ಒಲಿ ಮುಂದ ಕುಂತು ಅತ್ಲು. ಹಾಳು ಬಾಯಿ, ಹಾಳು ಪೇಢಾ ಅಂತ ತನ್ನನ್ನ ತಾನ ಬೈಕೊಂಡ್ಲು. ಗಂಡ ಶಾಂತಯ್ಯ ಹೆಸರಿಗೆ ತಕ್ಕ ಮನಷ್ಯಾ, ವಿಭೂತಿ ಹಚ್ಚಿಕೊಂಡು ಎಲ್ಲಾ ಅವನ ಇಚ್ಛಾ ಅಂತ ಹೇಳಿ ಮಾರ್ಕೆಟಿಗೆ ಹೋದ. ಸೂಜಿ ದಿನಾ ಹಂಗ ದಾಟಿಹೋತು. ಆಕಿ ಒಬ್ಬಾಕೀನ ರಾಯಾಪುರಕ್ಕ ಓಡಿದ್ಲು.

ರೂತ್ ಟೀಚರ್ ಎಲ್ಲಾ ಕೇಳಿ ಮೊದಲ ನಕ್ಲು, ಆಮ್ಯಾಲೆ ಚಷ್ಮಾ ತಗದು ಕಣ್ಣೊರಸಿಕೊಂಡ್ಲು. ನಾವು ಇಲ್ಲಿ ಕುಂತು ಮಂದಿ ಬಾಯಿ ಹೆಂಗ ಮುಚ್ಚಸೂದು ಅಂತ ವಿಚಾರ ಮಾಡ್ತೇವಿ, ನೀವು ಹೋಗಿ ಅದನ್ನ ತಗಿಸಿ ಬಂದೀರಲ್ರಿ ಅಂದ್ಲು. ಇಮ್ಯಾನುಯೆಲ್ ವಿಷಯ ತಾನು ಚರ್ಚಿನ್ಯಾಗ ಎದ್ದು ನಿಂತು ಹೇಳಿದಾಗ ಒಂದಿಷ್ಟು ಮಂದಿ ಪ್ರಾರ್ಥನಾ ಮಾಡಿದ್ರು, ಅದರಾಗ ಕೆಲವರು ತಮ್ಮ ಮನಿ ಲಗ್ನಕ್ಕ ಕರಿಯೂದು ಬಿಟ್ರು ಅಂತನೂ ಮುಚ್ಚಿಡದ ಹೇಳಿದ್ಲು. ಹೂವಿನ ಹಾದಿ ಅಂತ ನಾ ಹೇಳಂಗಿಲ್ಲರಿ ಅಂದ್ಲು. ಆದ್ರ ನಿಮ್ಮ ಮಗನ ಕಿವಿ ಸುಳ್ಳು ಹೇಳಿಲ್ಲ, ನೀವು ಹೇಳೀರಿ. ಮೊದಲ ಅವಗ ಅದನ್ನ ಒಪ್ಪಿಕೋರಿ, ಆಮ್ಯಾಲೆ ಓಣಿಗೆ ಹೇಳ್ರಿ. ಎಲ್ಲಿ ಸುಳ್ಳು ಹೇಳೀರಿ ಅಲ್ಲೇ ಖರೇ ಹೇಳಬೇಕು, ರಾಯಾಪುರದಾಗ ಹೇಳಿದ್ರ ನಡಿಯಂಗಿಲ್ಲ ಅಂತ ಗಣಿತದ ಟೀಚರ್ ಗಣಿತದಂಗ ಹೇಳಿ ಕಳಿಸಿದ್ಲು.

ಮಗನ ಮುಂದ ಒಪ್ಪಿಕೊಂಡ್ಲು. ಅಂವಾ ಗ್ವಾಡಿ ಕಡೆ ಮುಖಾ ಮಾಡಿ ಕೇಳಿದ, ಕಂಬಳಿ ಬಿಚ್ಚಲಿಲ್ಲ. ನನಗ ಹೇಳಿ ಏನ್ಮಾಡ್ತಿ, ಅವರಿಗೆ ಹೇಳು ಅಂದ.

ಗೌರಕ್ಕನ ಕಟ್ಟಿ ಮ್ಯಾಲೆ ಓಣಿ ಹೆಣಮಕ್ಕಳು ಹಪ್ಪಳಾ ಲಟ್ಟಸಾಕತ್ತಿದ್ರು. ದಾಕ್ಷಾಯಿಣಿ ಹೋಗಿ ನಿಂತ್ಲು. ರಾಯಾಪುರದಾಗ ಹೊಳಿಯಂಗ ಹರಿಯೂ ಮಾತು ಇಲ್ಲಿ ಲಗೂ ಹೊರಬೀಳಲಿಲ್ಲ. ಆದ್ರೂ ಹೇಳಿದ್ಲು. ಹುಡುಗಿ ಇಲ್ಲ, ಎಂದೂ ಇರಲಿಲ್ಲ. ಮಗಗ ಮನಸ್ಸಿನ ಬ್ಯಾನಿ ಐತಿ, ಧಾರವಾಡದ ದವಾಖಾನಿಗೆ ಸೂಜಿಗೆ ಕರಕೊಂಡು ಹೋಗ್ತಿದ್ದೆ, ನಿಮಗ ಅಂಜಿ ಸುಳ್ಳು ಹೇಳಿದೆ. ಒಂದ ಉಸಿರಿನ್ಯಾಗ ಎಲ್ಲಾ ಹೇಳಿ ಮುಗಿಸಿದ್ಲು. ಲಟ್ಟಣಿಗಿ ಎಲ್ಲಾ ನಿಂತವು.

ಗೌರಕ್ಕ ಎದ್ದು, ಹಿಟ್ಟಿನ ಕೈ ಸೀರಿಗೆ ಒರಸಿಕೊಂಡು, ಆಕಿನ್ನ ತೆಕ್ಕಿಗೆ ಹಾಕ್ಕೊಂಡ್ಲು. "ಸಂಬಂಧ ಮುರದ್ರೇನವಾ?" ಅಂದ್ಲು.

ಹೌದಲ್ಲ! ಎಲ್ಲಾರಿಗೂ ಒಮ್ಮೆಲೆ ತಿಳೀತು. ಹೆತ್ತ ಮಗನ ತಲಿಗೆ ಹುಚ್ಚು ಕಟ್ಟೂ ತಾಯಿ ಎಲ್ಯರ ಇರ್ತಾಳೇನು? ಧಾರವಾಡದವರು ಮಾತು ತಪ್ಯಾರ. ಹುಡುಗಿ ಹೆಸರು ಕೆಡಬಾರದು ಅಂತ ಈ ಪುಣ್ಯಾತ್ಗಿತ್ತಿ ಅಪವಾದಾ ತನ್ನ ಮನಿ ಮ್ಯಾಲೆ ಎಳಕೊಳ್ಳಾಕತ್ತಾಳ. ದಾಕ್ಷಾಯಿಣಿ ಅಲ್ಲರಿ ಅಂದ್ಲು, ಅಲ್ಲವಾ ಅಂದ್ಲು, ಬಸವಣ್ಣನಾಣಿ ಅಂದ್ಲು. ಆಕಿ ಅಂದಂಗೆಲ್ಲಾ ಅವರ ಕಣ್ಣಾಗ ನೀರು ಹೆಚ್ಚಾದವು. ಆ ಹುಡುಗಿ ಎತ್ತರ ಕಡಿಮಿ ಅಂತ ನಾ ಮೊದಲ ಹೇಳಿದ್ದೆ, ಬಿಡ್ರಿ, ಅಂತ ಒಬ್ಬಾಕಿ ಸಮಾಧಾನ ಮಾಡಿದ್ಲು. ವರ್ಷಗಟ್ಟಲೆ ಹೇಳಿದ ಸುಳ್ಳನ್ನ ಒಬ್ಬರೂ ಸಂಶೇ ಪಡಲಿಲ್ಲ, ಒಂದ ದಿನಾ ಖರೇ ಹೇಳಿದ್ರ ಒಬ್ಬರೂ ನಂಬಲಿಲ್ಲ.

ಗೌರಕ್ಕ ಅಷ್ಟಕ್ಕ ಬಿಡಾಕಿ ಅಲ್ಲ. ಮಾತು ಕೊಟ್ಟು ಮುರದ್ರ ಹಿರ್ಯಾರು ಹೋಗಿ ಬಾಗಲದಾಗ ನಿಂತು ಕೇಳೂದು ನಮ್ಮಲ್ಲಿ ಪದ್ಧತಿ. ನಾಳಿಗೆ ನಾನ ಬರ್ತೇನಿ, ಆ ಮನಿ ತೋರಸು, ಮುಂದಿಂದು ನಾ ನೋಡ್ಕೋತೇನಿ ಅಂದ್ಲು. ದಾಕ್ಷಾಯಿಣಿ ಸೋತು ಮನಿಗೆ ಬಂದು ಮಗನ ಮುಂದ ಇದ್ದದ್ದು ಇದ್ದಂಗ ಹೇಳಿದ್ಲು. ಅಂವಾ ಕಂಬಳಿ ಸರಿಸಿ ಗೌರಕ್ಕನ ಕಟ್ಟಿ ಕಡೆ ನೋಡಿದ. ಭಾಳ ದಿನದ ಮ್ಯಾಲೆ ಅವನ ತುಟಿ ಸಡಿಲಾದವು. ಗೌರಕ್ಕ ಬರೂದಾದ್ರ ನಾನೂ ಬರ್ತೇನಿ ಅಂದ.

ಮುಂಜಾನೆ ಮೂವರೂ ಚಿಗರಿ ಬಸ್ಸು ಹತ್ತಿದ್ರು. ಗೌರಕ್ಕ ಗಂಜಿ ಹಾಕಿದ ಸೀರಿ ಉಟ್ಟು, ಹಾದಿ ತುಂಬ ಬೀಗರನ್ನ ಬೈಯೂ ಮಾತು ತಾಲೀಮು ಮಾಡಿದ್ಲು. ಇಳದು ನಡದು ದವಾಖಾನಿ ಗೇಟು ಬಂದಾಗ ಕಾಲು ನಿಂತವು. ಬೋರ್ಡು ಓದಿದ್ಲು. ಸ್ವಲ್ಪ ಹೊತ್ತು ವಿಚಾರ ಮಾಡಿ, ಹುಡುಗಿ ಇಲ್ಲೇ ನರ್ಸ್ ಅದಾಳೇನು ಅಂತ ಮೆಲ್ಲಕ ಕೇಳಿದ್ಲು. ಬರ್ರಿ ಒಳಗ ಅಂದ ಶಿವಯೋಗೀಶ.

ಒಳಗ ಬಾಕಿನ ತುಂಬ ಮಂದಿ. ಬುತ್ತಿ ಗಂಟು ಹಿಡಕೊಂಡ ಹಳ್ಳಿಯವರು, ಬ್ಯಾಂಕಿಗೆ ಹೊಂಟಂಗ ಡ್ರೆಸ್ ಹಾಕಿದವರು, ಮಗಳ ಕೈ ಹಿಡದು ಕುಂತ ಅಪ್ಪ. ಚೀರೂದು ಇಲ್ಲ, ಸರಪಳಿ ಇಲ್ಲ. ಬಸ್ ಸ್ಟ್ಯಾಂಡಿನ್ಯಾಗ ಇದಕ್ಕಿಂತ ಗದ್ದಲಾ ಇರತೈತಿ. ಗೌರಕ್ಕ ಒಬ್ಬೊಬ್ಬ ನರ್ಸಿನ ಎತ್ತರ ಅಳದು ನೋಡಾಕತ್ತಿದ್ಲು. ಅಷ್ಟರಾಗ ಕೌಂಟರಿನಂವಾ ಶಿವಯೋಗೀಶನ ಕಾರ್ಡು ತಗೊಂಡು, ಈ ಸಲ ಯಾಕ ತಡಾ ಮಾಡಿದ್ರಿ, ಹಿಂಗ ಮಾಡಬಾರದ್ರಿ ಅಂದ. ಮನಿ ಹುಡುಗನ್ನ ಮಾತಾಡಿಸಿದಂಗ ಮಾತಾಡಿಸಿದ. ಗೌರಕ್ಕನ ಮುಖದ ಮ್ಯಾಲಿನ ಸಿಟ್ಟು ಎಲ್ಲಿ ಹೋಗಬೇಕು ತಿಳೀದ ಅಲ್ಲೇ ನಿಂತುಬಿಡ್ತು.

ಶಿವಯೋಗೀಶ ಆಕಿ ಬಾಜೂಕ ಬಂದು ಕುಂತ. ಅವ್ವ ನಿನ್ನೆ ಹೇಳಿದ್ದೆಲ್ಲಾ ಖರೇ ಐತಿ ಗೌರಕ್ಕ ಅಂದ. ಮಂದಿ ತನ್ನ ಬಗ್ಗೆ ಮಾತಾಡಾಕತ್ತಾರ ಅಂತ ಕೇಳಿಸ್ತಿತ್ತು, ನಿದ್ದಿ ಇರಲಿಲ್ಲ, ಊಟಾ ಇರಲಿಲ್ಲ, ಒಂದಿನ ಜೀವಾನ ಬ್ಯಾಡ ಅನಿಸಿತ್ತು, ಈ ಸೂಜಿಯಿಂದ ಅದು ನಿಂತೈತಿ ಅಂತ ಹವಾಮಾನ ಹೇಳಿದಂಗ ಹೇಳಿದ. ಮೊನ್ನಿಂದ ಮತ್ತ ಕೇಳಸಾಕತ್ತಿತ್ತು, ಅದರಾಗ ಯಾವುದು ಬ್ಯಾನಿದು, ಯಾವುದು ನಿಮ್ಮದು ಅಂತ ಬಿಡಿಸಾಕ ಬರಲಿಲ್ಲ ಅಂದ.

ಗೌರಕ್ಕ ಬಾಯಿಗೆ ಸೆರಗು ಹಚ್ಚಿಕೊಂಡ್ಲು. ಆಮ್ಯಾಲೆ, "ಅಲ್ಲೋ ತಮ್ಮಾ," ಅಂದ್ಲು, "ಮಾತಾಡಿದವರು ನಾವು. ಸೂಜಿ ನಿನಗೇನು?"

"ಓಣಿಗೆಲ್ಲಾ ಮಾಡಾಕ ಸೂಜಿ ಸಾಲಂಗಿಲ್ಲ ಗೌರಕ್ಕ," ಅಂದ ಅಂವಾ.

ಗೌರಕ್ಕಗ ನಗಬೇಕೋ ಅಳಬೇಕೋ ತಿಳೀಲಿಲ್ಲ, ಎರಡೂ ಮಾಡಿದ್ಲು. ಅಷ್ಟರಾಗ ಒಳಗಿಂದ ಅವನ ಹೆಸರು ಕರದ್ರು. ದಾಕ್ಷಾಯಿಣಿ ರೂಢಿ ಪ್ರಕಾರ ಚೀಲಾ ಹಿಡಕೊಂಡು ಎದ್ಲು. ಮಗ ಆಕಿ ಹೆಗಲ ಮ್ಯಾಲೆ ಕೈ ಇಟ್ಟು ಕೂಡ್ರಿಸಿದ.

"ನೀ ಕುಂದರವ್ವಾ. ಇವತ್ತ ಗೌರಕ್ಕ ಬರ್ಲಿ. ಓಣ್ಯಾಗ ಹೇಳಾಕಿ ಆಕಿ ಅಲ್ಲ? ಡಾಕ್ಟರ ಬಾಯಿಂದನ ಸರಿಯಾಗಿ ಕೇಳಿಸಿಕೊಳ್ಳಲಿ."

ಗೌರಕ್ಕ ಕಣ್ಣೊರಸಿಕೊಂಡು, ಸೆರಗು ಸರಿ ಮಾಡಿಕೊಂಡು ಎದ್ಲು. ಯಾರೂ ಕೇಳದ ಇಷ್ಟು ವರ್ಷ ಮಾಡಿದ ಕೆಲಸಕ್ಕ ಇವತ್ತ ಯಾರೋ ನೇಮಕ ಮಾಡಿದಂಗ ಆಗಿತ್ತು ಆಕಿಗೆ. ಹುಡುಗನ ಕೈ ಹಿಡಕೊಂಡು ಒಳಗ ಹೋದ್ಲು.

ದಾಕ್ಷಾಯಿಣಿ ಒಬ್ಬಾಕೀನ ಉಳದ್ಲು. ಅಂಜಿಕಿ ಆತು, ಹೊಟ್ಟಿಕಿಚ್ಚೂ ಆತು. ಇಷ್ಟ ದಿನಾ ಹೊತ್ತು ತಿರಗಿದ್ದನ್ನ ಒಂದ ಮುಂಜಾನ್ಯಾಗ ಬ್ಯಾರೆಯಾಕಿ ಕೈಗೆ ಕೊಟ್ಟು ಹೋದನಲ್ಲ ಅಂತ. ಬಾಜೂಕ ಕುಂತ ಹೆಣಮಗಳು ಮಾತಿಗೆಳದ್ಲು. ತಾನೂ ಹುಬ್ಬಳ್ಳಿಯಾಕಿ ಅಂದ್ಲು, ಕಮರಿಪೇಟಿ ಸನೇಕ ತನ್ನ ತಂಗಿ ಮನಿ ಐತಿ ಅಂದ್ಲು. ಆಮ್ಯಾಲೆ ಡಾಕ್ಟರ ಬಾಗಲಾ ನೋಡಿ, "ಪಾಪ, ಆ ಅಜ್ಜಿಗೆ ಏನಾಗೇತ್ರಿ?" ಅಂತ ಕೇಳಿದ್ಲು.

ಎಂಥಾ ಚಂದದ ಸುಳ್ಳು, ತಾನಾಗಿ ಬಂದು ತೊಡಿ ಮ್ಯಾಲೆ ಕುಂತಿತ್ತು. ಹೂಂ ಅಂದ್ರ ಸಾಕಿತ್ತು, ಒಂದು ಮಾತು ಜಾಸ್ತಿ ಬೇಕಾಗಿರಲಿಲ್ಲ. ದಾಕ್ಷಾಯಿಣಿ ನಾಲಿಗಿ ತುದಿತನಕಾ ಬಂದದ್ದನ್ನ ನುಂಗಿದ್ಲು.

"ಆಕಿ ಆರಾಮ ಅದಾಳ್ರಿ," ಅಂದ್ಲು. "ಬ್ಯಾನಿ ನನ್ನ ಮಗಗ."

ಆ ಹೆಣಮಗಳು ತನ್ನ ಚೀಲಾ ಎತ್ತಿ ಕೆಳಗಿಟ್ಟು ಸ್ವಲ್ಪ ಸನೇಕ ಸರದು ಕುಂತ್ಲು.